ದನಿ ಕೊಟ್ಟು ಬಾ

ಪಾಲಮ್ಮನ ದನಿ ಕೇಳಬೇಕೆಂದರೆ ಯಾರೂ ಆದಿವಾಲದ ಗೊಲ್ಲರಹಟ್ಟಿಯ ಒಳಗೆ ಹೋಗಬೇಕಾಗಿರಲಿಲ್ಲ. ಬೆಂಗಳೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತರೆ ಸಾಕಿತ್ತು. ಅರವತ್ತು ದಾಟಿದ ಹೆಂಗಸು, ಹಿಡಿಯಷ್ಟು ಮೈ. ಆದರೆ ಎರಡು ಹೊಲದಾಚೆ ಮೇಯುವ ಕುರಿಯನ್ನು ಬೈದೇ ವಾಪಸು ಕರೆಸುವ ಗಂಟಲು. ಸೊಸೆಗೆ "ಉಪ್ಪು ತಾ" ಎಂದರೆ ಪಕ್ಕದ ಮನೆಯವರೂ ಉಪ್ಪು ತರುತ್ತಿದ್ದರು. ಅಂಥ ಪಾಲಮ್ಮ ಎಪ್ಪತ್ತೇಳನೇ ಇಸವಿಯ ಆಷಾಢದಲ್ಲಿ ಬಾಯಿ ಮುಚ್ಚಿಕೊಂಡಳು. ಹಟ್ಟಿಗೆ ಹಟ್ಟಿಯೇ ಗಾಬರಿಯಾಯಿತು.

ಮುಚ್ಚಿಸಿದವರು ದುರ್ಗದ ಆಸ್ಪತ್ರೆಯ ಡಾಕ್ಟರು.

"ಇದು ಮೂರ್ಛೆ ರೋಗ ಅಲ್ಲ" ಎಂದರು ಅವರು. ಮೇಜಿನ ಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆಯಿಂದ ಬಂದ ಕಾಗದವಿತ್ತು, ಪಕ್ಕದಲ್ಲಿ ಎದೆಬಡಿತ ಬರೆದ ಗೀಟು ಗೀಟಿನ ಉದ್ದನೆಯ ಪಟ್ಟಿ. ಎದುರಿಗೆ ಪಾಲಮ್ಮ, ಅವಳ ಮಗ ಚಿತ್ತಯ್ಯ, ಸೊಸೆ ಬೋರಕ್ಕ. ನಡುವೆ ಹದಿನಾಲ್ಕು ವರ್ಷದ ಮೊಮ್ಮಗಳು ಚಂದ್ರಕ್ಕ. ಮನೆಯಲ್ಲಿ ಚಂದ್ರಿ.

ಚಂದ್ರಿ ಒಂದು ವರ್ಷದಲ್ಲಿ ಮೂರು ಸಲ ಬಿದ್ದಿದ್ದಳು. ಮೊದಲು ಶಾಲೆಯಲ್ಲಿ, ಕಿವಿಯ ಪಕ್ಕದಲ್ಲೇ ಗಂಟೆ ಹೊಡೆದಾಗ. ಆಮೇಲೆ ಮನೆಯಲ್ಲಿ, ಅಟ್ಟದಿಂದ ಕೊಪ್ಪರಿಗೆ ಉರುಳಿದಾಗ. ಮೂರನೆಯದು ಬಸ್ಸಿನ ಹಾರ್ನಿಗೆ, ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ. ಪ್ರತಿ ಸಲವೂ ಯಾರಾದರೂ ಓಡಿಬಂದು ಅವಳ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದ್ದರು. ಒಂದೆರಡು ನಿಮಿಷಕ್ಕೆ ಹುಡುಗಿ ಎದ್ದು ಕೂತಿದ್ದಳು. ಕೀರ್ತಿಯೆಲ್ಲ ಬೀಗದ ಕೈಗೆ ಹೋಗಿತ್ತು.

"ಎದೆಯೊಳಗೆ ಸಣ್ಣ ಕರೆಂಟ್ ಇರ್ತದೆ" ಎಂದರು ಡಾಕ್ಟರು. "ಒಂದು ಬಡಿತ ಆದ ಮೇಲೆ ಇನ್ನೊಂದಕ್ಕೆ ಅದು ಸಜ್ಜಾಗಬೇಕು. ಈ ಹುಡುಗೀದು ಸಜ್ಜಾಗೋಕೆ ಹೆಚ್ಚು ಹೊತ್ತು ತಗೊಳ್ತದೆ. ಆ ಹೊತ್ತಲ್ಲೇ ಬೆಚ್ಚಿಬಿದ್ರೆ ಬಡಿತದ ಲಯ ತಪ್ಪುತ್ತೆ, ಬೀಳ್ತಾಳೆ. ಮೂರು ಸಲ ಅದು ತಾನಾಗೇ ಸರಿಹೋಗಿದೆ. ನಾಲ್ಕನೇ ಸಲ ಸರಿಹೋಗದೇನೂ ಇರಬಹುದು."

ಬೋರಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಮಾತ್ರೆ ಕೊಡ್ತೀನಿ. ಬೆಳಿಗ್ಗೆ, ಸಂಜೆ, ಒಂದು ದಿನವೂ ತಪ್ಪಬಾರದು. ಓಡಬಾರದು, ಈಜಬಾರದು. ಮುಖ್ಯವಾಗಿ ಬೆಚ್ಚಬಾರದು. ಮನೇಲಿ ಇದ್ದಕ್ಕಿದ್ದಂತೆ ಯಾರೂ ಕೂಗಬೇಡಿ."

ಮೂರೂ ಜನ ಪಾಲಮ್ಮನ ಕಡೆ ತಿರುಗಿದರು.

"ಇದು ವಂಶದಲ್ಲಿ ಹರಿದು ಬರೋ ಕಾಯಿಲೆ. ನಿಮ್ಮಲ್ಲಿ ಯಾರಾದ್ರೂ ಚಿಕ್ಕ ವಯಸ್ಸಿಗೇ, ಇದ್ದಕ್ಕಿದ್ದಂತೆ ಬಿದ್ದು ಸತ್ತಿದ್ದುಂಟಾ?"

"ನನ್ನ ತಮ್ಮ ಸತ್ತ ಸಾಮಿ, ಜುಂಜಪ್ಪ ಅಂತ. ಹತ್ತೊಂಬತ್ತು ವರ್ಷ" ಎಂದ ಚಿತ್ತಯ್ಯ. "ಬಿಸ್ಲು ಬಡ್ದು."

"ಬಿಸಿಲೇ ಅಂತ ಹೇಗೆ ಗೊತ್ತು? ಯಾರು ನೋಡಿದ್ರು?"

ಚಿತ್ತಯ್ಯ ತಾಯಿಯ ಮುಖ ನೋಡಿದ.

"ಯಾರೂ ನೋಡ್ಲಿಲ್ಲ ಸಾಮಿ. ನಾನು ಹೋಗಾಷ್ಟೊತ್ತಿಗೆ ಬಿದ್ದಿದ್ದ" ಎಂದಳು ಪಾಲಮ್ಮ. ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಮನೆಯವರು ಕೇಳಿದ್ದು ಅದೇ ಮೊದಲು.

ಅದು ಸುಳ್ಳು. ಹದಿನೈದು ವರ್ಷದಿಂದ ಹೇಳಿ ಹೇಳಿ ನುಣುಪಾದ ಸುಳ್ಳು, ಸಲೀಸಾಗಿ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿ ಕೂತಳು. ಮುಚ್ಚಿದರೆ ಕಾಣುವುದು ಅದೇ: ನಾಲೆಯ ಪಕ್ಕದ ಜಾಲಿಮರ, ಅದಕ್ಕೆ ಒರಗಿ ತೂಕಡಿಸುತ್ತಿದ್ದ ಜುಂಜ, ಮಂದೆಯ ಅಂಚಿನಿಂದ ಮರಿ ಕಚ್ಚಿಕೊಂಡು ಹೊರಟ ತೋಳ. ಅವಳು ಹಿಂದಿನಿಂದ ಓಡಿಬಂದು ಅವನ ಕಿವಿಯ ಹತ್ತಿರವೇ "ತ್ವಾಳ ಕಣೋ ಜುಂಜಾ!" ಎಂದು ಕಿರುಚಿದ್ದಳು. ಹುಡುಗ ದಡಕ್ಕನೆ ಎದ್ದ, ಎರಡು ಹೆಜ್ಜೆ ಇಟ್ಟ, ಬಿದ್ದ. ಬೀಗದ ಕೈ ಹಿಡಿಸಿದ್ದಳು. ಏಳಲಿಲ್ಲ.

ಯಾರಿಗೂ ಹೇಳಲಿಲ್ಲ. ಆ ದಿನ ಕುರಿಗೆ ಅಣ್ಣನೂ ಹೋಗಬೇಕಿತ್ತು. ಹೊಸದಾಗಿ ಮದುವೆಯಾಗಿದ್ದ ಚಿತ್ತಯ್ಯ ಹೆಂಡತಿಯನ್ನು ಕರೆತರಲು ಹೊಸದುರ್ಗದ ಕಡೆಗೆ ಹೋಗಿದ್ದ. ಬಿಸಿಲು ಬಡಿದ ತಮ್ಮನಿಗೆ ಒಂದು ಗುಟುಕು ನೀರು ಕೊಡಲು ಅಣ್ಣ ಜೊತೆಗಿರಲಿಲ್ಲ ಎಂದು ಹಟ್ಟಿ ಆಡಿಕೊಂಡಿತು. ಪಾಲಮ್ಮ ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ಊರಿಗೆಲ್ಲ ಕೇಳುವ ಬಾಯಿ ಅಲ್ಲಿ ಮಾತ್ರ ತೆರೆಯಲಿಲ್ಲ.

ಮಾರನೇ ದಿನದಿಂದ ಮನೆ ಪಿಸುಗುಟ್ಟತೊಡಗಿತು. ಒನಕೆಯ ತುದಿಗೆ ಬಟ್ಟೆ ಸುತ್ತಿದರು. ಕೊಪ್ಪರಿಗೆಗಳು ಅಟ್ಟ ಇಳಿದು ಮೂಲೆ ಸೇರಿದವು. ನಾಯಿಯನ್ನು ಒಯ್ದು ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪದ ಹತ್ತಿರ ಕಟ್ಟಿದರು. ಹಟ್ಟಿಯಲ್ಲಿ ಕೋಳಿ ಸಾಕುವ ಪದ್ಧತಿ ಇಲ್ಲ. ಇದ್ದಿದ್ದರೆ ಅದರ ಕತ್ತು ಮೊದಲು ಹೋಗುತ್ತಿತ್ತು. ಪಾಲಮ್ಮ ನಲವತ್ತು ವರ್ಷದಿಂದ ಹಾಕಿಕೊಂಡಿದ್ದ ಕಾಲಿನ ಬೆಳ್ಳಿ ಕಡಗವನ್ನು ಸೋಪು ಹಚ್ಚಿ ಎಳೆದು ತೆಗೆದಳು. ನಡೆದರೆ ಸದ್ದಾಗಬಾರದಲ್ಲ.

ಜಗಳ ಮಾತ್ರ ನಿಲ್ಲಲಿಲ್ಲ. ಜಗಳ ನಿಂತರೆ ಅದು ಮನೆಯೇ?

"ಸಾರಿಗೆ ಉಪ್ಪು ಹಾಕಿದೀಯೋ ಇಲ್ವೋ?" ಎಂದು ಚಿತ್ತಯ್ಯ ಮುದ್ದೆ ಮುರಿಯುತ್ತ ಉಸಿರಿನಲ್ಲೇ ಕೇಳಿದ.

"ಬಾಯಿ ರುಚಿ ಕೆಟ್ಟೋರಿಗೆ ಎಷ್ಟು ಹಾಕಿದ್ರೂ ಅಷ್ಟೇ" ಬೋರಕ್ಕನೂ ಉಸಿರಿನಲ್ಲೇ ಹೇಳಿದಳು.

"ಯಾರ ಬಾಯೇ ಕೆಟ್ಟಿರೋದು?"

"ನಿಮ್ದೇ!"

"ಥೂ, ಮೆಲ್ಲಗೆ ಬೈಯೇ."

ಚಂದ್ರಿ ತಟ್ಟೆಯ ಮುಂದೆ ಕೂತು ಮೂವರನ್ನೂ ನೋಡಿದಳು. "ನಾನಿನ್ನೂ ಸತ್ತಿಲ್ಲ ಕಣವ್ವ" ಎಂದಳು. "ಹೆಣ ಇಟ್ಕಂಡಿರೋ ಮನೆ ಇದ್ದಂಗೈತೆ. ನಾನು ಸ್ಕೂಲಿಗೆ ಹೋಗ್ತೀನಿ."

"ಸ್ಕೂಲು ಗೀಲು ಏನೂ ಬ್ಯಾಡ" ಎಂದ ಚಿತ್ತಯ್ಯ. "ಅಲ್ಲಿ ಗಂಟೆ, ರೋಡಲ್ಲಿ ಲಾರಿ. ಮನೇಲಿರು."

"ಮನೇಲಿದ್ದು ಏನ್ ಮಾಡ್ಲಿ? ನಿಮ್ ಪಿಸುಪಿಸು ಕೇಳ್ತಾ ಕುಂತ್ಕಳ್ಲಾ?"

ಹುಡುಗಿಯ ಕಣ್ಣು ತುಂಬಿತು. ಒಂಬತ್ತನೇ ಕ್ಲಾಸು ಶುರುವಾಗಿ ತಿಂಗಳಾಗಿತ್ತು, ಹೊಸ ಪುಸ್ತಕಗಳಿಗೆ ರಟ್ಟು ಹಾಕಿ ಗೂಡಿನಲ್ಲಿ ಜೋಡಿಸಿಟ್ಟಿದ್ದಳು. ಪಾಲಮ್ಮ ಏನಾದರೂ ಹೇಳಬೇಕೆಂದು ಬಾಯಿ ತೆರೆದು, ತನ್ನ ಬಾಯಿಗೆ ತಾನೇ ಹೆದರಿ ಮುಚ್ಚಿಕೊಂಡಳು.

ಮೂರನೇ ವಾರ ಒಂದು ಬೆಳಿಗ್ಗೆ ಚಂದ್ರಿ ಹಿತ್ತಿಲ ಬಾಗಿಲಲ್ಲಿ ಕೂತು ಓದುತ್ತಿದ್ದಳು. ಪಾಲಮ್ಮ ಅವಳಿಗೆಂದು ಒಂದು ಲೋಟ ಮಜ್ಜಿಗೆ ತಂದಳು. ಬರಿಗಾಲು, ಕಡಗವಿಲ್ಲ, ಉಸಿರು ಬಿಗಿಹಿಡಿದು ಬಂದು ಬೆನ್ನ ಹಿಂದೆ ನಿಂತಳು. ಕರೆದರೆ ಬೆಚ್ಚಿಯಾಳೆಂದು ಕರೆಯಲಿಲ್ಲ. ಪುಟ ತಿರುವುತ್ತ ಹುಡುಗಿ ಕತ್ತು ಹೊರಳಿಸಿದಳು. ಮೂಗಿನ ಹತ್ತಿರವೇ ಒಂದು ಆಕಾರ! "ಹಾ" ಎಂದವಳು ಹಾಗೇ ಹೊಸ್ತಿಲ ಮೇಲೆ ಮಗುಚಿಕೊಂಡಳು.

"ಬೋರೀ!"

ಮೂರು ವಾರದ ಮೇಲೆ ಪಾಲಮ್ಮನ ನಿಜವಾದ ದನಿ ಹೊರಟಿತು. ಬೋರಕ್ಕ ಓಡಿಬಂದಳು, ಅಭ್ಯಾಸಬಲದಿಂದ ಬೀಗದ ಕೈ ಹಿಡಿದುಕೊಂಡೇ ಬಂದಳು. ಪಾಲಮ್ಮ ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಎದೆಯ ಮೇಲೆ ಅಂಗೈ ಒತ್ತಿದಳು. ಒಳಗೆ ಏನೋ ಪಟಪಟ ಒದ್ದಾಡುತ್ತಿತ್ತು. ಮಗನಿಗೆ ಹೆಸರು ಕೊಟ್ಟ ಮನೆದೇವರನ್ನು ನೆನೆದು, ಜುಂಜಪ್ಪಸ್ವಾಮೀ, ಇವಳನ್ನೂ ನನ್ನ ಕೈಲೇ ತಗೋಬೇಡ ಎಂದು ಬೇಡಿಕೊಂಡಳು. ಎಷ್ಟು ಹೊತ್ತೋ. ಆಮೇಲೆ ಅಂಗೈಯಡಿ ಒಂದು ಬಡಿತ ನೆಟ್ಟಗೆ ಬಿತ್ತು. ಇನ್ನೊಂದು ಬಿತ್ತು. ಚಂದ್ರಿ ಕಣ್ಣು ಬಿಟ್ಟಳು.

"ಮಜ್ಜಿಗೆ ಚೆಲ್ಲಿದ್ಯಾ ಅಜ್ಜಿ?" ಎಂದಳು.

ಬೋರಕ್ಕನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ಕಳ್ಳೀ ಬಂದಂಗೆ ಹಿಂದಿಂದ ಬಂದು ನಿಂತ್ಕಂತೀಯಲ್ಲ ಅತ್ತೆ! ಕೂಗ್ಬ್ಯಾಡ ಅಂದ್ರು, ದೆವ್ವದಂಗೆ ಓಡಾಡು ಅಂದ್ರಾ?"

ಪಾಲಮ್ಮ ಸೆರಗಿನಿಂದ ಹುಡುಗಿಯ ಮುಖ ಒರೆಸಿದಳು. ಆ ಮಾತು ನಿಜವೆಂದು ಅವಳಿಗೆ ಗೊತ್ತಿತ್ತು.

ಸಂಜೆ ಕುರಿ ಮನೆಗೆ ಬಂದವು. ಪಾಲಮ್ಮ ಮರಿಗಳನ್ನು ನೋಡಲು ರೊಪ್ಪದ ಕಡೆಗೆ ಹೊರಟಳು. ಇನ್ನೂ ಐವತ್ತು ಮಾರು ದೂರವಿರುವಾಗಲೇ ಗಂಟಲು ತನ್ನಷ್ಟಕ್ಕೆ ಸಣ್ಣಗೆ ದನಿ ತೆಗೆಯಿತು: "ಹುರ್‌ರ್... ಹೋ... ಹುರ್‌ರ್... ಹೋ..." ಕುರಿ ಕಾಯುವವರೆಲ್ಲ ಮಾಡುವುದೇ ಅದು. ಮಂದೆಯ ಹತ್ತಿರ ಸದ್ದಿಲ್ಲದೆ ಹೋದರೆ ಕುರಿ ಬೆದರುತ್ತವೆ, ಒಂದರ ಮೇಲೊಂದು ಬಿದ್ದು ಮರಿಗಳನ್ನು ತುಳಿಯುತ್ತವೆ. ಏಕಾಏಕಿ ಕೂಗಿದರೂ ಹಾಗೇ. ಅದಕ್ಕೇ ದೂರದಿಂದಲೇ ದನಿ ಕೊಡುತ್ತ ಬರಬೇಕು. ಸಣ್ಣಗೆ ಶುರುಮಾಡಿ, ಹತ್ತಿರವಾದಂತೆ ಏರಿಸುತ್ತ. ಅವಳು ಮುಳ್ಳುಬೇಲಿಯ ಹತ್ತಿರ ಬಂದು ನಿಂತಾಗ ಒಂದು ಕುರಿಯೂ ತಲೆ ಎತ್ತಲಿಲ್ಲ.

ಪಾಲಮ್ಮ ನಿಂತಲ್ಲೇ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕುರಿಗೆ ಮಾಡಿದ್ದು ಮಗೀಗೆ ಮಾಡೋಕೆ ಹೊಳೀಲಿಲ್ವಲ್ಲೇ!"

ಉಣ್ಣುವಾಗ ಹೇಳಿದಳು: "ಇವತ್ತಿಂದ ಯಾರೂ ಪಿಸುಗುಟ್ಬ್ಯಾಡ್ರಿ. ಚಂದ್ರಿ ಹತ್ರಕ್ಕೆ ಯಾರೇ ಹೋಗ್ಲಿ, ರೊಪ್ಪಕ್ಕೆ ಹೋದಂಗೆ ಹೋಗ್ರಿ. ದೂರದಿಂದ್ಲೇ ದನಿ ಕೊಟ್ಕಂಡು."

"ನಾನೇನು ಕುರಿನಾ?" ಚಂದ್ರಿಗೆ ರೇಗಿತು.

"ಕುರಿ ಆಗಿದ್ರೆ ಉಣ್ಣೆನಾರ ಕೊಡ್ತಿದ್ದೆ. ನೀನೇನು ಕೊಡ್ತೀಯ? ಸುಮ್ನೆ ಮುದ್ದೆ ನುಂಗು."

ಚಂದ್ರಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿತು.

ಮನೆಗೆ ಮತ್ತೆ ಸದ್ದು ಬಂತು, ಆದರೆ ಬೇರೆ ಥರದ ಸದ್ದು. ಬೋರಕ್ಕ ಅಡಿಗೆಮನೆಯಿಂದ ಹೊರಡುವ ಮೊದಲೇ "ಬಂದೆ, ಬಂದೆ" ಎನ್ನುತ್ತ ಹೊರಡುತ್ತಿದ್ದಳು. ಚಿತ್ತಯ್ಯ ಹಟ್ಟಿಯ ಬಾಯಿಂದಲೇ ಕೆಮ್ಮುತ್ತ ಬರುತ್ತಿದ್ದ. ಒನಕೆಗೆ ಸುತ್ತಿದ ಬಟ್ಟೆ ಬಿಚ್ಚಿದರು. ಕುಟ್ಟುವ ಮೊದಲು ಒರಳಿನ ಅಂಚಿಗೆ ಮೆಲ್ಲಗೆ ನಾಲ್ಕು ಸಲ ತಟ್ಟಿದರಾಯಿತು. ಗಂಡ ಹೆಂಡಿರ ಜಗಳವೂ ತಗ್ಗಿನಿಂದ ಶುರುವಾಗಿ ಹಂತ ಹಂತವಾಗಿ ಏರತೊಡಗಿತು. ಏರುವಷ್ಟರಲ್ಲಿ ಎಷ್ಟೋ ಸಲ ಕಾರಣವೇ ಮರೆತುಹೋಗುತ್ತಿತ್ತು. ಪಾಲಮ್ಮ ಬೆಳ್ಳಿ ಕಡಗವನ್ನು ಮತ್ತೆ ಕಾಲಿಗೆ ಏರಿಸಿಕೊಂಡಳು.

ಉಳಿದದ್ದು ಶಾಲೆ. ಒಂದು ಸೋಮವಾರ ಅವಳು ಮಗನಿಗೆ ಹೇಳದೆ, ಒಂದು ಗಿಂಡಿ ಎಮ್ಮೆ ತುಪ್ಪ ಸೆರಗಿನಡಿ ಇಟ್ಟುಕೊಂಡು ಹಿರಿಯೂರಿನ ಬಸ್ಸು ಹತ್ತಿದಳು. ಹೈಸ್ಕೂಲಿನ ಜವಾನ ಓಬಣ್ಣ ಗಂಟೆಯ ಕೆಳಗೆ ಬೀಡಿ ಸೇದುತ್ತ ಕೂತಿದ್ದ. ಗಂಟೆಯೆಂದರೆ ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು.

"ಒಂದೇ ಏಟಿಗೆ ಢಣ್ ಅನ್ಸಬ್ಯಾಡ ಕಣಪ್ಪ" ಎಂದಳು, ಎಲ್ಲ ವಿವರಿಸಿ. "ಮೊದ್ಲು ಮೆಲ್ಲಗೆ ತಟ್ಟು. ಆಮೇಲೆ ನಿನ್ ಕೈ ಎಷ್ಟು ಜೋರೈತೋ ಅಷ್ಟು ಹೊಡ್ಕ."

"ಹೆಡ್ಮಾಷ್ಟ್ರು ಏನಂತಾರೋ ಅಜ್ಜಿ."

"ಗಂಟೆ ಹೊಡೆಯೋನು ನೀನಾ, ಅವರಾ?"

ಓಬಣ್ಣ ತುಪ್ಪದ ಗಿಂಡಿ ನೋಡಿದ, ಮುದುಕಿಯ ಮುಖ ನೋಡಿದ. ಬೀಡಿ ಎಸೆದು ಎದ್ದ. "ತುಪ್ಪ ಬ್ಯಾಡ, ತಗಂಡೋಗು. ಆ ಮಗು ಬಿದ್ದಾಗ ಗಂಟೆ ಹೊಡ್ದೋನು ನಾನೇ. ಅವತ್ತಿಂದ ಸುತ್ತಿಗೆ ಎತ್ತೋಕೆ ಕೈ ಬರಲ್ಲ." ಅವನು ಸುತ್ತಿಗೆ ತಗೊಂಡು ಕಂಬಿಯ ತುದಿಗೆ ಟಿಣ್ ಎನಿಸಿದ. "ಹಿಂಗಾ?"

"ಇನ್ನೂ ಸಣ್ಣಗೆ."

ಟಿಣ್.

"ಹಾ, ಹಂಗೆ. ಈಗ ಏರ್ಸು" ಎಂದಳು ಪಾಲಮ್ಮ. ತುಪ್ಪವನ್ನು ಅವನ ಪಕ್ಕದಲ್ಲೇ ಬಿಟ್ಟು ಬಂದಳು.

ಚಿತ್ತಯ್ಯ ಎರಡು ದಿನ ಹಾರಾಡಿದ, ಮೂರನೇ ದಿನ ತಾನೇ ಮಗಳನ್ನು ಬಸ್ಸು ಹತ್ತಿಸಿದ. ಚಂದ್ರಿ ಶಾಲೆಗೆ ಹೋದಳು. ಹೋದವಳು ಸಂಜೆಗೆ ಬಂದಳು.

ಮುಂದಿನ ತಿಂಗಳು ತಪಾಸಣೆಗೆ ದುರ್ಗಕ್ಕೆ ಹೋದಾಗ ಡಾಕ್ಟರು ಹೊಸ ಪಟ್ಟಿ ನೋಡಿ ತಲೆದೂಗಿದರು. ಮಾತ್ರೆ ಕೆಲಸ ಮಾಡುತ್ತಿದೆ ಎಂದರು. ಎಲ್ಲರೂ ಏಳುವಾಗ ಪಾಲಮ್ಮ ಏಳಲಿಲ್ಲ.

"ಸಾಮಿ, ಹೋದ ಸಲ ಸುಳ್ಳು ಹೇಳ್ದೆ" ಎಂದಳು. ಹೇಳದಿದ್ದರೆ ಈ ಮಗುವಿಗೆ ಮಾಡುವ ಔಷಧದಲ್ಲಿ ಏನಾದರೂ ಕಡಿಮೆಯಾದೀತೆಂಬ ಭಯ ಅವಳಿಗೆ. "ನನ್ನ ಜುಂಜ ಬಿಸ್ಲಿಗೆ ಸಾಯ್ಲಿಲ್ಲ. ನಾನು ಹಿಂದಿಂದ ಹೋಗಿ ಕಿವೀಲಿ ಕೂಗ್ದೆ. ನನ್ನ ಕಣ್ಣೆದುರಿಗೇ ಬಿದ್ದ."

ಬಾಗಿಲಲ್ಲಿದ್ದ ಚಿತ್ತಯ್ಯ ಅಲ್ಲೇ ನಿಂತ.

ಡಾಕ್ಟರು ಆ ದಿನ ಎಲ್ಲರ ಎದೆಯ ಪಟ್ಟಿಯನ್ನೂ ತೆಗೆಸಿದರು. ಮೂರು ಪಟ್ಟಿಗಳಲ್ಲಿ ಗೀಟಿನ ಕುಣಿತ ಒಂದೇ ಥರ ಇತ್ತು: ಪಾಲಮ್ಮನದು, ಚಿತ್ತಯ್ಯನದು, ಚಂದ್ರಿಯದು. ಬೋರಕ್ಕನದು ಮಾತ್ರ ಬೇರೆ. ಚಿಕ್ಕಂದಿನಲ್ಲಿ ತಾನೂ ಎರಡು ಸಲ ಬಿದ್ದಿದ್ದು, ತನ್ನ ಕೈಗೂ ಬೀಗದ ಕೈ ಹಿಡಿಸಿದ್ದು ಪಾಲಮ್ಮನಿಗೆ ಆಗ ನೆನಪಾಯಿತು.

"ನೀವು ಕೊಂದಿರಿ ಅಂದ್ಕೋಬೇಡಿ" ಎಂದರು ಡಾಕ್ಟರು. "ಅವತ್ತಲ್ಲದಿದ್ರೆ ಇನ್ನೊಂದು ದಿನ, ಇನ್ಯಾವುದಕ್ಕೋ ಬೆಚ್ಚಿಬೀಳ್ತಿದ್ದ. ಕಾಯಿಲೆ ಇರೋದು ಯಾರಿಗೂ ಗೊತ್ತಿರಲಿಲ್ಲ."

"ಹಂಗಾದ್ರೆ ನನ್ನ ಬಾಯಿ ತಪ್ಪಲ್ಲ, ರಕ್ತದ ತಪ್ಪು. ಎರಡೂ ನಂದೇ ಅಲ್ವಾ ಸಾಮಿ?"

ಡಾಕ್ಟರು ಪಾಲಮ್ಮನಿಗೂ ಚಿತ್ತಯ್ಯನಿಗೂ ಮಾತ್ರೆ ಬರೆದುಕೊಟ್ಟರು.

ಬಸ್ಸಿನಲ್ಲಿ ಚಿತ್ತಯ್ಯ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ಮನೆಗೆ ಬಂದು ಕಾಲು ತೊಳೆದ ಮೇಲೆ ಬಾಯಿ ಬಿಟ್ಟ. ಆ ಸಿಟ್ಟಿನಲ್ಲೂ ದನಿಯನ್ನು ತಗ್ಗಿನಿಂದಲೇ ಶುರುಮಾಡಿದ.

"ಹದಿನೈದು ವರ್ಸ ಅವ್ವ. ಹೆಂಡ್ತಿ ಹಿಂದೆ ಹೋದ, ತಮ್ಮನ್ನ ಕೊಂದ ಅಂದ್ರು. ನೀನು ಕುಂತು ಕೇಳ್ದೆ."

"ಕೇಳ್ದೆ."

"ನೀರಿನ ಚೊಂಬು ಮುಟ್ಟಿದಾಗೆಲ್ಲ ಅವನ ನೆನಪಾಗಿ ಕುಡೀದೆ ಕೆಳಗಿಡ್ತಿದ್ದೆ ನಾನು. ಒಂದು ಮಾತು ಆಡ್ಲಿಲ್ವಲ್ಲ ನೀನು. ಯಾಕೆ?"

"ಮಗನ್ನ ಕೊಂದೋಳು ಅಂತ ನೀನು ಅಂದ್ಬಿಟ್ರೆ ಅಂತ" ಎಂದಳು ಪಾಲಮ್ಮ.

ಅವನು ಎದ್ದು ಹೊರಗೆ ಹೋದ. ಅಂದಿನಿಂದ ತಾಯಿಯ ಜೊತೆ ಮಾತು ಬಿಟ್ಟ.

ಈಗ ಮನೆಯಲ್ಲಿ ದನಿ ಕೊಡಬೇಕಾದದ್ದು ಒಬ್ಬಳಿಗಲ್ಲ, ಮೂವರಿಗೆ. "ಮೂರು ಕುರಿ, ಕಾಯೋಳು ನಾನೊಬ್ಳೇ" ಎಂದು ಬೋರಕ್ಕ ಬೆಳಗಿನಿಂದ ಸಂಜೆಯವರೆಗೆ "ಬಂದೆ, ಬಂದೆ" ಎನ್ನುತ್ತಿದ್ದಳು. ಚಂದ್ರಿ ಹಟ್ಟಿಯ ಬಾಯಿಂದಲೇ "ಅಜ್ಜೀ, ಬಂದೆ ಕಣಜ್ಜೀ" ಎಂದು ರಾಗ ಎಳೆಯುತ್ತ ಬರುತ್ತಿದ್ದಳು. ಚಿತ್ತಯ್ಯ ಮಾತ್ರ ಪಾಲಮ್ಮನಿಗೆ ದನಿ ಕೊಡುತ್ತಿರಲಿಲ್ಲ. ಅವಳ ಬೆನ್ನ ಹಿಂದೆ ಹಾಯಬೇಕಾದಾಗ ಮನೆ ಸುತ್ತಿಕೊಂಡು ಎದುರಿನಿಂದ ಬರುತ್ತಿದ್ದ. ಮಾತೂ ಆಡಬಾರದು, ಬೆಚ್ಚಿಸಲೂ ಬಾರದು; ಪಾಪ, ಇನ್ನೇನು ಮಾಡಿಯಾನು?

"ಮನೆಗೇ ಪ್ರದಕ್ಷಿಣೆ ಹಾಕ್ತವ್ನೆ ನಿನ್ನ ಗಂಡ" ಎಂದಳು ಪಾಲಮ್ಮ.

"ಹಾಕ್ಲಿ ಬಿಡು ಅತ್ತೆ. ಕಾಲು ನೋವು ಬಂದ ದಿನ ಬಾಯಿ ಬಿಡ್ತಾರೆ" ಎಂದಳು ಬೋರಕ್ಕ.

ಇಪ್ಪತ್ತು ದಿನ ಕಳೆಯಿತು. ಚಿತ್ತಯ್ಯ ಮಾತ್ರೆ ತರಲು ಹಿರಿಯೂರಿಗೆ ಹೋದ ಒಂದು ದಿನ ಪಾಲಮ್ಮ ತಾನೇ ಕುರಿ ಹೊಡೆದುಕೊಂಡು ಹೋದಳು. ಕಾಲು ಎಳೆದ ಕಡೆಗೆ ಹೋದರೆ ನಾಲೆಯ ಪಕ್ಕದ ಜಾಲಿಮರ. ಹದಿನೈದು ವರ್ಷದಿಂದ ಆ ನೆರಳು ತುಳಿದಿರಲಿಲ್ಲ. ಇವತ್ತು ಹೋಗಿ, ಜುಂಜ ಒರಗಿದ್ದ ಕಡೆಯೇ ಒರಗಿ ಕೂತಳು. ಮುಂದೆ ನಾಲೆಯಲ್ಲಿ ಮಾರಿಕಣಿವೆ ಅಣೆಕಟ್ಟಿನ ನೀರು ದಡ ತುಂಬಿ ಹರಿಯುತ್ತಿತ್ತು.

ಮಧ್ಯಾಹ್ನ ಹಸಿವಾಗುವ ಹೊತ್ತಿಗೆ ಪಕ್ಕದಲ್ಲಿ ಮೇಯುತ್ತಿದ್ದ ಕುರಿಗಳು ಕಿವಿ ನಿಮಿರಿಸಿ ಅವಳ ಹಿಂದಕ್ಕೆ ನೋಡತೊಡಗಿದವು. ಯಾರೋ ಬಂದು ದೂರದಲ್ಲಿ ನಿಂತಿದ್ದಾರೆ. ಯಾರೆಂದು ಅವಳಿಗೆ ತಿಳಿಯಿತು. ಹಿರಿಯೂರಿನ ಬಸ್ಸು ಬಂದು ಹೊತ್ತಾಗಿತ್ತು, ಚಂದ್ರಿ ಶಾಲೆಯಲ್ಲಿ. ಬುತ್ತಿ ಕೊಟ್ಟು ಕಳಿಸುವವಳು ಬೋರಕ್ಕ, ತರುವವನು ಇನ್ಯಾರು? ಸುತ್ತಿ ಬಂದು ಎದುರಿಗೆ ನಿಲ್ಲೋಣವೆಂದರೆ ಎದುರಿಗೆ ನಾಲೆ. ಇಲ್ಲಿಗೆ ಇರುವುದು ಒಂದೇ ದಾರಿ, ಅವಳ ಬೆನ್ನ ಹಿಂದಿನದು.

ಅವಳು ತಿರುಗಲಿಲ್ಲ. ತಿರುಗಿಬಿಟ್ಟರೆ ಅವನಿಗೆ ದನಿ ಕೊಡುವ ಅಗತ್ಯವೇ ಇರುವುದಿಲ್ಲ. ಸೆರಗಿನ ತುದಿ ಹಿಡಿದುಕೊಂಡು, ನೀರು ನೋಡುತ್ತ ಕೂತಳು. 

ಆಮೇಲೆ, ಬಹಳ ದೂರದಿಂದ, ಬಹಳ ಸಣ್ಣಗೆ ಬಂತು.

"ಹುರ್‌ರ್... ಹೋ..."

ಕುರಿಗಳು ತಲೆ ತಗ್ಗಿಸಿ ಮೇಯತೊಡಗಿದವು.

"ಹುರ್‌ರ್... ಹೋ... ಅವ್ವಾ... ನಾನು... ಬತ್ತಾ ಇದೀನಿ ಅವ್ವಾ..."

ಪಾಲಮ್ಮನ ಕಣ್ಣಿಂದ ನೀರು ದಳದಳನೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಕೇಳಿಸ್ತು ಬಾ, ಮಗ" ಎಂದಳು.

ಕೇಳಿಸಿತು ಎಂದ ಮೇಲೂ ಚಿತ್ತಯ್ಯ ನಿಲ್ಲಿಸಲಿಲ್ಲ. ಹತ್ತಿರ ಬಂದು, ಬುತ್ತಿ ಕೆಳಗಿಟ್ಟು, ನೀರಿನ ಚೊಂಬನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂರುವವರೆಗೂ ದನಿ ಕೊಡುತ್ತಲೇ ಬಂದ.